ನಿಮಿಷಕ್ಕೆ ನೂರು ಪದ: ಖಡ್ಕಿಯಿಂದ ನಿಮ್ಮ ಮನೆಯ ರೌಟರ್‌ವರೆಗೆ



ಊರಿಗೆ ಹೋಗಲು ನೀವು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದೀರಿ ಅಂದುಕೊಳ್ಳಿ. ಪುಣೆ ಬಿಟ್ಟು ಗಂಟೆ, ಗಂಟೆಕಾಲಿನಲ್ಲಿ ದೌಂಡ್ ಬರುತ್ತದೆ. ಚಹಾದವನ ಕೂಗು, ಹೊರಗೆ ರಣಬಿಸಿಲು. ಮಗಳಿಗೊಂದು ಫೋಟೋ ಕಳಿಸೋಣ ಅಂತ ಫೋನು ತೆಗೆದರೆ ಚಕ್ರ ತಿರುಗುತ್ತಲೇ ಇರುತ್ತದೆ, ಫೋಟೋ ಹೋಗುವುದಿಲ್ಲ. "ದರಿದ್ರ ಸ್ಪೀಡು" ಅಂತ ಬೈದು ಫೋನು ಜೇಬಿಗೆ ಹಾಕುತ್ತೇವೆ.

ಬೈಯುವ ಮುಂಚೆ ಆ ಊರಿನ ಹಳೆಯ ಕಥೆ ಸ್ವಲ್ಪ ಕೇಳಿ. 1927ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ನಿಸ್ತಂತು ಸಂದೇಶಗಳು ಬಂದು ಇಳಿಯುತ್ತಿದ್ದದ್ದು ಇದೇ ದೌಂಡ್‌ನಲ್ಲಿ. ಇಲ್ಲಿಂದ ಹೊರಡುತ್ತಿದ್ದದ್ದು ನಮ್ಮ ಖಡ್ಕಿಯಿಂದ. ಅಲ್ಲಿಯ ಯಂತ್ರಗಳ ವೇಗ ಎಷ್ಟಿರಬೇಕು, ಅದನ್ನು ಅಳೆಯುವುದು ಹೇಗೆ ಎಂದು ಆಗಲೇ ಕರಾರುಪತ್ರದಲ್ಲಿ ಬರೆದಿದ್ದರು. ಈಗ ನಾವು ತಿಂಗಳು ತಿಂಗಳು ಹಣ ಕಟ್ಟುವ ಬ್ರಾಡ್‌ಬ್ಯಾಂಡಿನ ಬಗ್ಗೆ ಊಟದ ಪಂಕ್ತಿಯಲ್ಲಿ ಕೂತು ಕೇಳುವ ಪ್ರಶ್ನೆಯೂ ಅದೇ ತಾನೆ? "ನಿಮ್ಮದು ಎಷ್ಟರ ಪ್ಲ್ಯಾನು? ನಿಜವಾಗಿ ಎಷ್ಟು ಬರುತ್ತೆ?"

ಆ ಕರಾರಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರಷ್ಟು ಪ್ರಾಮಾಣಿಕವಾದ ಕಾಗದವನ್ನು ಇಂದಿನ ಯಾವ ಇಂಟರ್ನೆಟ್ ಜಾಹೀರಾತಿನಲ್ಲೂ ನಾನು ಕಂಡಿಲ್ಲ.

1924ರಲ್ಲಿ ಬ್ರಿಟಿಷ್ ಅಂಚೆ ಇಲಾಖೆ ಮಾರ್ಕೋನಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಕೆನಡಾ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ ಮತ್ತು ಭಾರತಕ್ಕೆ 'ಬೀಮ್ ವೈರ್‌ಲೆಸ್' ಎಂಬ ಹೊಸ ಪದ್ಧತಿಯಲ್ಲಿ ಸಂಪರ್ಕ ಕಲ್ಪಿಸಬೇಕು. ಕಿರುತರಂಗಗಳನ್ನು ಟಾರ್ಚಿನ ಬೆಳಕಿನ ಹಾಗೆ ಒಂದೇ ದಿಕ್ಕಿಗೆ ಹರಿಸುವುದೇ ಬೀಮ್. ಭಾರತದ ಕಡೆ ಪ್ರಸಾರದ ಕಂಬಗಳು ಖಡ್ಕಿಯಲ್ಲಿ, ಗ್ರಹಣದ ಕಂಬಗಳು ದೌಂಡ್‌ನಲ್ಲಿ ನಿಂತವು. ಎರಡೂ ಒಂದೇ ಕಡೆ ಯಾಕೆ ಬೇಡ? ಪಕ್ಕದಲ್ಲೇ ಡೋಲು ಬಡಿಯುತ್ತಿದ್ದರೆ ಸಾವಿರಾರು ಮೈಲಿ ದೂರದ ಪಿಸುಮಾತು ಕೇಳಿಸೀತೇ! ಆ ಕಡೆ ಇಂಗ್ಲೆಂಡಿನಲ್ಲೂ ಗ್ರಿಮ್ಸ್‌ಬಿ ಹತ್ತಿರ ಒಂದು, ಸ್ಕೆಗ್ನೆಸ್ ಹತ್ತಿರ ಒಂದು ಎಂದು ಬೇರೆ ಬೇರೆಯೇ ಕಟ್ಟಿದರು.

ಆ ಕರಾರಿನ ಷರತ್ತು ಹೀಗಿತ್ತು: ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ ನಿಮಿಷಕ್ಕೆ 100 ಪದ ಹೋಗಬೇಕು. ಪದ ಅಂದರೆ ಐದು ಅಕ್ಷರದ್ದು. ತಪ್ಪು ತಿದ್ದಲು ಮತ್ತೆ ಮತ್ತೆ ಕಳಿಸಿದ ಪದಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಈ ವೇಗ ದಿನಕ್ಕೆ ಸರಾಸರಿ ಎಷ್ಟು ಗಂಟೆ ಸಿಗಬೇಕು ಎಂದೂ ಬರೆದಿತ್ತು. ಕೆನಡಾಕ್ಕೆ 18, ಭಾರತಕ್ಕೆ 12, ದಕ್ಷಿಣ ಆಫ್ರಿಕಾಕ್ಕೆ 11, ಆಸ್ಟ್ರೇಲಿಯಾಕ್ಕೆ 7. ಆಮೇಲೆ ಏಳು ದಿನ ಸತತವಾಗಿ ಓಡಿಸಿ ತೋರಿಸಬೇಕು. ಪಾಸಾದರೆ ಮಾತ್ರ ಒಪ್ಪಿಗೆ.

ಇದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. 'ಪದ' ಅಂದರೇನು ಎಂದು ಮೊದಲೇ ಹೇಳಿದ್ದಾರೆ, ಅಂದರೆ ಅಳತೆಗೋಲು ಗೊತ್ತಾಯಿತು. ಹೋಗುವ ವೇಗ, ಬರುವ ವೇಗ ಎರಡನ್ನೂ ಹೇಳಿದ್ದಾರೆ. ಮರುಕಳಿಸಿದ್ದನ್ನು ಕಳೆದಿದ್ದಾರೆ, ಅಂದರೆ ಕೈಗೆ ಬಂದ ಮಾಲಿಗೆ ಮಾತ್ರ ಲೆಕ್ಕ. ದಿನದ ಎಷ್ಟು ಹೊತ್ತು ಎಂದಿದ್ದಾರೆ. ಎಷ್ಟು ದಿನ ಅಳೆಯಬೇಕು ಎಂದೂ ಹೇಳಿದ್ದಾರೆ. "100 ಎಂಬಿಪಿಎಸ್ ವರೆಗೆ!" ಎಂದು ದೊಡ್ಡದಾಗಿ ಬರೆದು, ಆ 'ವರೆಗೆ'ಯನ್ನು ಸಾಸಿವೆ ಕಾಳಿನಷ್ಟು ಮಾಡುವ ನಮ್ಮ ಕಾಲದ ಫಲಕಗಳನ್ನು ನೆನೆಸಿಕೊಳ್ಳಿ.

ನಿಮಿಷಕ್ಕೆ ನೂರು ಪದ ಅಂದರೆ ಇಂದಿನ ಲೆಕ್ಕದಲ್ಲಿ ಎಷ್ಟು? ಶಾಲೆಯಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಪ್ರಸ್ತಾರ ಹಾಕಿದ್ದು ನೆನಪಿದೆಯೇ? ಮೋರ್ಸ್ ಸಂಕೇತದಲ್ಲೂ ಅಂಥದೇ ಛಂದಸ್ಸು. ಚುಕ್ಕೆಗೆ ಒಂದು ಮಾತ್ರೆ, ಗೆರೆಗೆ ಮೂರು, ನಡುವಿನ ಮೌನಕ್ಕೂ ಮಾತ್ರೆ ಉಂಟು. ಮಾದರಿ ಪದವೊಂದಕ್ಕೆ 50 ಮಾತ್ರೆ ಎಂದು ಹಿಡಿಯುವುದು ರೂಢಿ. ಹಾಗಾದರೆ ನಿಮಿಷಕ್ಕೆ 5,000 ಮಾತ್ರೆ, ಸೆಕೆಂಡಿಗೆ ಸುಮಾರು 83. ಸಂಕೇತದ ಈ ವೇಗಕ್ಕೆ 'ಬಾಡ್' ಎಂಬ ಹೆಸರು, ಫ್ರಾನ್ಸಿನ ತಂತಿ ಎಂಜಿನಿಯರ್ ಎಮಿಲ್ ಬೋಡೋ ನೆನಪಿಗೆ. ಐದು ಮೆಗಾಬೈಟಿನ ಒಂದು ಭಾವಗೀತೆಯನ್ನು ಖಡ್ಕಿಯ ಆ ವೇಗದಲ್ಲಿ ಇಳಿಸಿಕೊಳ್ಳಬೇಕೆಂದರೆ ಐದೂವರೆ ದಿನ ಬೇಕು. ದಿನಕ್ಕೆ ಹನ್ನೆರಡೇ ಗಂಟೆ ಅಂದರೆ ಹನ್ನೊಂದು ದಿನ!

ಆದರೂ ಆಗಿನ ಕಾಲಕ್ಕೆ ಇದು ಎಂಥ ಹೊಡೆತ ಕೊಟ್ಟಿತೆಂದರೆ, ಸಮುದ್ರದಡಿ ತಂತಿ ಹಾಸಿ ಕೂತಿದ್ದ ಕಂಪನಿಗಳು ಗಾಬರಿಬಿದ್ದವು. ಅಗ್ಗದ ನಿಸ್ತಂತುವಿನ ಮುಂದೆ ತಂತಿಯ ವ್ಯಾಪಾರ ಕುಸಿಯತೊಡಗಿತು. ಕೊನೆಗೆ ಎರಡನ್ನೂ ಸೇರಿಸುವುದೇ ದಾರಿಯಾಯಿತು. ಭಾರತದಲ್ಲಿ 1932ರಲ್ಲಿ ತಂತಿಯೂ ರೇಡಿಯೋವೂ ಒಂದೇ ಕಂಪನಿಯಾದವು. ಅದೇ 1947ರಲ್ಲಿ ಸರ್ಕಾರದ ಸಾಗರೋತ್ತರ ಸಂಪರ್ಕ ಸೇವೆಯಾಗಿ, 1986ರಲ್ಲಿ ವಿದೇಶ ಸಂಚಾರ ನಿಗಮವಾಗಿ ನಮ್ಮ ಕಥೆಗೆ ಮತ್ತೆ ಬರುತ್ತದೆ.

ಅಂದ ಹಾಗೆ ಒಂದು ಮಾತು ಬಿಟ್ಟೆ. ಖಡ್ಕಿಯಲ್ಲಿ ಯಾರೂ ಸಂದೇಶ ತಂದು ಕೊಡುತ್ತಿರಲಿಲ್ಲ. ಸಂದೇಶ ಕೊಡುವ ಕಚೇರಿ ಇದ್ದದ್ದು ಮುಂಬಯಿಯಲ್ಲಿ. ಅಲ್ಲಿಂದ ನೆಲದ ಮೇಲಿನ ತಂತಿಯಲ್ಲಿ ಘಾಟ್ ಹತ್ತಿ ಖಡ್ಕಿಗೆ ಬಂದು, ಆಮೇಲೆ ಆಕಾಶಕ್ಕೆ. ದೌಂಡ್‌ನಲ್ಲಿ ಇಳಿದದ್ದೂ ಅದೇ ರೀತಿ ತಂತಿಯಲ್ಲಿ ಮುಂಬಯಿಗೆ. ಬೀಮ್ ಎಷ್ಟೇ ಚುರುಕಾಗಿರಲಿ, ಘಾಟಿನ ತಂತಿ ಎಷ್ಟು ಹೊರುತ್ತದೋ ಅಷ್ಟೇ ಗ್ರಾಹಕನಿಗೆ ಸಿಕ್ಕುವುದು. ಈ ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಾಸಿಕ್ ರಸ್ತೆಗೆ ಬನ್ನಿ. ನಾರಾಯಣಗಾಂವ್ ಹತ್ತಿರ ಆರ್ವಿ ಎಂಬ ಹಳ್ಳಿ. 1971ರಲ್ಲಿ ಅಲ್ಲಿ ಉಪಗ್ರಹ ಭೂಕೇಂದ್ರ ತಯಾರಾಯಿತು. ವಿಕ್ರಮ್ ಸಾರಾಭಾಯಿ ಅವರ ನೆನಪಿಗೆ 'ವಿಕ್ರಮ್' ಎಂದು ಹೆಸರಿಟ್ಟರು. ಸುಮಾರು 30 ಮೀಟರ್ ಅಗಲದ ಬಟ್ಟಲು, ಹಿಂದೂ ಮಹಾಸಾಗರದ ಮೇಲಿನ ಇಂಟೆಲ್‌ಸ್ಯಾಟ್ ಉಪಗ್ರಹದ ಕಡೆ ಮುಖ ಮಾಡಿ ನಿಂತಿತ್ತು. (ಹತ್ತಿರದ ಖೋಡದ್‌ನ ದೊಡ್ಡ ರೇಡಿಯೋ ದೂರದರ್ಶಕಕ್ಕೂ ಇದಕ್ಕೂ ಗೊಂದಲ ಬೇಡ. ಅದು ನಕ್ಷತ್ರಗಳ ಮಾತು ಕೇಳುವಂಥದ್ದು, ಇದು ಮನುಷ್ಯರದ್ದು.) ಕಿರುತರಂಗಕ್ಕೆ ಇದ್ದ ಹಗಲು ರಾತ್ರಿಯ ಕಾಟ ಇದಕ್ಕಿರಲಿಲ್ಲ. ಏಕಕಾಲಕ್ಕೆ ಎಷ್ಟೋ ಕರೆಗಳನ್ನು ಹೊರುತ್ತಿತ್ತು.

ಆದರೆ ಹೊಸದೊಂದು ತೊಂದರೆ ಬಂತು. ಆಗ ಅಮೆರಿಕದಲ್ಲಿದ್ದ ಅಣ್ಣನಿಗೋ ತಮ್ಮನಿಗೋ ಟ್ರಂಕ್ ಬುಕ್ ಮಾಡಿ ಮಾತಾಡಿದವರಿಗೆ ಗೊತ್ತು. "ಊಟ ಆಯ್ತಾ?" ಅಂತೀರಿ. ಆ ಕಡೆ ಮೌನ. ಕೇಳಿಸಲಿಲ್ಲವೇನೋ ಅಂತ ನೀವು ಮತ್ತೆ "ಹಲೋ?" ಅನ್ನುವ ಹೊತ್ತಿಗೆ ಸರಿಯಾಗಿ ಅವನ "ಆಯ್ತು" ಬಂದು ಡಿಕ್ಕಿ ಹೊಡೆಯುತ್ತದೆ. ಇಬ್ಬರೂ ಸುಮ್ಮನಾಗುತ್ತೀರಿ. ಮತ್ತೆ ಇಬ್ಬರೂ ಒಟ್ಟಿಗೆ ಮಾತಾಡುತ್ತೀರಿ. ಮೂರು ನಿಮಿಷ ಮುಗಿಯುತ್ತದೆ!

ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಹೋಗಿ ಇಳಿಯಲು 72,000. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅಂದರೆ ನಿಮ್ಮ ಮಾತು ಮುಟ್ಟಲು ಕಾಲು ಸೆಕೆಂಡ್, ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡ್. ಆರ್ವಿಯ ಬಟ್ಟಲನ್ನು ಇಮ್ಮಡಿ ಮಾಡಿದರೂ ಈ ಅರ್ಧ ಸೆಕೆಂಡಿನಲ್ಲಿ ಕೂದಲೆಳೆಯಷ್ಟೂ ಕಮ್ಮಿಯಾಗುವುದಿಲ್ಲ.

ಬ್ರಾಡ್‌ಬ್ಯಾಂಡಿನ ವಿಷಯದಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲೇ. ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಎಷ್ಟು ಬೋಗಿ ಎನ್ನುವುದು ಒಂದು ಪ್ರಶ್ನೆ. ಬೆಂಗಳೂರು ಮುಟ್ಟಲು ಎಷ್ಟು ಹೊತ್ತು ಎನ್ನುವುದು ಬೇರೆಯೇ ಪ್ರಶ್ನೆ. ಬೋಗಿ ಹೆಚ್ಚಿಸಿದರೆ ಹೆಚ್ಚು ಜನ ಹೋಗಬಹುದು, ಬೇಗ ಹೋಗುವುದಿಲ್ಲ. ಕಂಪನಿಯವರು 'ಸ್ಪೀಡ್' ಎಂದು ಮಾರುವುದು ಬೋಗಿಗಳನ್ನು. ಪ್ರಯಾಣದ ಹೊತ್ತನ್ನು ತಾಂತ್ರಿಕರು 'ಲೇಟೆನ್ಸಿ' ಎನ್ನುತ್ತಾರೆ, ಪರೀಕ್ಷೆಯ ಪುಟದಲ್ಲಿ 'ಪಿಂಗ್' ಎಂದು ಸಣ್ಣದಾಗಿ ಮೂಲೆಯಲ್ಲಿ ಬರುತ್ತದೆ. ಸಿನಿಮಾ ಇಳಿಸಿಕೊಳ್ಳುವವರಿಗೆ ಬೋಗಿ ಮುಖ್ಯ. ಮಗನ ಮುಖ ನೋಡುತ್ತ ಮಾತಾಡುವ ತಾಯಿಗೆ ಪ್ರಯಾಣದ ಹೊತ್ತು ಮುಖ್ಯ. 200ರ ಪ್ಲ್ಯಾನು ತೆಗೆದುಕೊಂಡರೂ ವಿಡಿಯೋ ಕರೆಯಲ್ಲಿ ಮಾತು ತೊದಲುವುದಕ್ಕೆ ಎಷ್ಟೋ ಸಲ ಕಾರಣ ಇದೇ.

ಇಂಟರ್ನೆಟ್ಟಿಗೆ ಬರೋಣ. 1990ರಲ್ಲಿ ದೇಶದ ಮೊದಲ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳಿಗೆ ಆರಿಸಿದ ಮೂರು ಊರುಗಳಲ್ಲಿ ನಮ್ಮ ತವರಿನ ಬೆಂಗಳೂರೂ ಇತ್ತು, ನಮಗೆ ಅನ್ನ ಕೊಟ್ಟ ಪುಣೆಯೂ ಇತ್ತು. ಮೂರನೆಯದು ಭುವನೇಶ್ವರ. ಕಂಪನಿಗಳಿಗೆ ಉಪಗ್ರಹದ ಸಂಪರ್ಕ ಸಿಕ್ಕಿತು. ಮನೆಗಳ ಪಾಳಿ ಬಂದದ್ದು 1995ರ ಆಗಸ್ಟ್ 15ರ ನಂತರ. ವಿದೇಶ ಸಂಚಾರ ನಿಗಮ ಅಂದು ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸುಗಳಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಬೆಂಗಳೂರು, ಪುಣೆಗಳೂ ಹಿಂದೆಯೇ ಸೇರಿದವು. ಆರಂಭದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ನಮ್ಮ ಭಾವಗೀತೆಗೆ ಈಗ ಹನ್ನೊಂದು ದಿನ ಬೇಡ, ಒಂದು ಗಂಟೆ ಹತ್ತು ನಿಮಿಷ ಸಾಕು. ನಡುವೆ ಯಾರಾದರೂ ಮನೆಯ ಫೋನೆತ್ತಿದರೆ ಮೊದಲಿನಿಂದ ಶುರು.

ಆ ಮೋಡೆಮ್ಮಿನ ಕೀರಲು ದನಿ ಕೇಳಿದವರು ಅದನ್ನು ಮರೆತಿರಲಾರರು. ಕಿರ್ರ್, ಟೊಂಯ್ ಟೊಂಯ್ ಎಂದು ಗಲಾಟೆ ಮಾಡಿ, ಆಮೇಲೆ ಪರದೆಯ ಮೂಲೆಯಲ್ಲಿ ಎಷ್ಟು ವೇಗಕ್ಕೆ ಕುದುರಿತು ಎಂದು ಬರೆಯುತ್ತಿತ್ತು. 1998ರಲ್ಲಿ 56 ಕಿಲೋಬಿಟ್‌ನ ಮೋಡೆಮ್ಮಿಗೆ ಅಂತಾರಾಷ್ಟ್ರೀಯ ಮಾನದಂಡ ಬಂತು. ಡಬ್ಬಿಯ ಮೇಲೆ 56 ಎಂದಿದ್ದರೂ ನಮ್ಮ ತಂತಿಗಳ ಮೇಲೆ ಅಷ್ಟು ಕುದುರಿದ್ದನ್ನು ನಾನಂತೂ ನೋಡಿಲ್ಲ. ಆದರೆ ಒಂದು ಒಳ್ಳೆಯ ಗುಣವಿತ್ತು ನೋಡಿ, ಆ ಮೋಡೆಮ್ ಸುಳ್ಳು ಹೇಳುತ್ತಿರಲಿಲ್ಲ. 44 ಅಂದರೆ 44.

ಆಗಲೇ ಶುರುವಾದದ್ದು ಬಿಟ್ಟು ಬೈಟಿನ ಗೋಜಲು. ಸಂಪರ್ಕದ ವೇಗ ಬಿಟ್ಟಿನಲ್ಲಿ, ಫೈಲಿನ ಗಾತ್ರ ಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಇಂಗ್ಲಿಷಿನಲ್ಲಿ ಚಿಕ್ಕ ಬಿ ಬರೆದರೆ ಬಿಟ್, ದೊಡ್ಡ ಬಿ ಬರೆದರೆ ಬೈಟ್. ನಮ್ಮ ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ, ಹಾಗಾಗಿ 'ಎಂಬಿ' ಅಂತ ಬಾಯಲ್ಲಿ ಹೇಳಿದರೆ ಎಂಟು ಪಟ್ಟಿನ ವ್ಯತ್ಯಾಸ ಗಾಳಿಗೆ ಹೋಗುತ್ತದೆ. 256 ಕಿಲೋಬಿಟ್ ಕೊಂಡವರು ಡೌನ್‌ಲೋಡ್ ಪೆಟ್ಟಿಗೆಯಲ್ಲಿ 32 ಎಂದು ನೋಡಿ ಮೋಸ ಹೋದೆವು ಎಂದು ಕೂಗಾಡಿದ್ದುಂಟು. ಅದು ಮೋಸವಲ್ಲ, ಭಾಗಾಕಾರ. 28 ಎಂದು ಕಂಡರೂ ಗಾಬರಿ ಬೇಡ. ಫೋನ್ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಮಾಹಿತಿಯನ್ನು 53 ಬೈಟಿನ ಚಿಕ್ಕ ಪೊಟ್ಟಣಗಳಲ್ಲಿ ಕಟ್ಟುತ್ತಿದ್ದರು. ಒಳಗಿನ ಸಾಮಾನು 48, ಉಳಿದ ಐದು ವಿಳಾಸದ ಚೀಟಿ. ಖಡ್ಕಿಯ ಕರಾರಿನಲ್ಲಿ ಮರುಕಳಿಸಿದ್ದನ್ನು ಕಳೆದು ಲೆಕ್ಕ ಹಾಕಿದ್ದರು ಎಂದೆನಲ್ಲ, ನಮ್ಮ ಬಿಲ್ಲಿನಲ್ಲಿ ಚೀಟಿ ದಾರ ಎಲ್ಲ ಸೇರಿದ ತೂಕ.

ಇಷ್ಟಕ್ಕೂ 'ಬ್ರಾಡ್‌ಬ್ಯಾಂಡ್' ಅಂದರೆ ಎಷ್ಟು? ಸರ್ಕಾರ ಮೊದಲ ಸಲ ಉತ್ತರ ಹೇಳಿದ್ದು 2004ರ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ: ಸದಾ ಸಂಪರ್ಕದಲ್ಲಿರುವ, ಕನಿಷ್ಠ 256 ಕಿಲೋಬಿಟ್ ಇಳಿವೇಗದ ಸೇವೆ. ಕೆಲವೇ ತಿಂಗಳಲ್ಲಿ, 2005ರ ಜನವರಿಯಲ್ಲಿ, ಬಿಎಸ್‌ಎನ್‌ಎಲ್‌ನ 'ಡೇಟಾ ಒನ್' ಬಂತು. ಹಳೆಯ ಫೋನ್ ತಂತಿಯ ಮೇಲೆಯೇ, ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಹಾಕಿದರೆ ಫೋನೂ ಇಂಟರ್ನೆಟ್ಟೂ ಒಟ್ಟಿಗೆ! 256 ಎಂಬ ಅಂಕಿ 2013ರಲ್ಲಿ 512 ಆಯಿತು, 2023ರ ಜನವರಿಯಲ್ಲಿ 2 ಮೆಗಾಬಿಟ್ ಆಯಿತು. ಹತ್ತೊಂಬತ್ತು ವರ್ಷದಲ್ಲಿ ಎಂಟು ಪಟ್ಟು. ಮನೆಗಳಿಗೆ ಮಾರುವ ಪ್ಲ್ಯಾನುಗಳು ಇದೇ ಅವಧಿಯಲ್ಲಿ ನೂರಾರು ಪಟ್ಟು ಜಿಗಿದಿವೆ. ಕಾನೂನಿನ ಬ್ರಾಡ್‌ಬ್ಯಾಂಡು ಎತ್ತಿನ ಗಾಡಿಯಲ್ಲಿ, ಮಾರುಕಟ್ಟೆಯದು ಡೆಕ್ಕನ್ ಕ್ವೀನಿನಲ್ಲಿ.

ನನ್ನ ಲೆಕ್ಕದಲ್ಲಿ 2004ಕ್ಕಿಂತ ದೊಡ್ಡ ಇಸವಿ 2006. ಆ ಅಕ್ಟೋಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳನ್ನು ಹೊರಡಿಸಿತು. ಹಣ ಕಟ್ಟಿದ ವೇಗದ ಶೇಕಡ 80ಕ್ಕಿಂತ ಹೆಚ್ಚು ಗ್ರಾಹಕನಿಗೆ ಸಿಗಬೇಕು ಎಂದಿತು. ಆದರೆ ಎಲ್ಲಿಂದ ಎಲ್ಲಿಗೆ? ಕಂಪನಿಯ ಕೇಂದ್ರದಿಂದ ನಿಮ್ಮ ಮನೆಗೆ. ಆ ಕೇಂದ್ರದಿಂದ ಆಚೆ, ಮುಂಬಯಿ, ಸಿಂಗಪುರ, ಅಮೆರಿಕಗಳವರೆಗೆ ಈ 80ರ ಮಾತು ಅನ್ವಯಿಸುವುದಿಲ್ಲ. ಆ ಭಾಗಕ್ಕೆ ಬೇರೆ ಅಳತೆ: ದೇಶದ ಅಂತಾರಾಷ್ಟ್ರೀಯ ದ್ವಾರದವರೆಗೆ 120 ಮಿಲಿಸೆಕೆಂಡಿನೊಳಗೆ, ಸಮುದ್ರದಡಿಯ ತಂತಿಯಲ್ಲಿ ಹೊರದೇಶದ ಹತ್ತಿರದ ತಾಣಕ್ಕೆ 350ರೊಳಗೆ, ಉಪಗ್ರಹವಾದರೆ 800ರೊಳಗೆ. ಈ 800 ನೋಡಿದಾಗ ನನಗೆ ಆರ್ವಿ ನೆನಪಾಯಿತು. ಆ ನಿಯಮಗಳ ಜಾಗಕ್ಕೆ 2024ರಲ್ಲಿ ಹೊಸವು ಬಂದಿವೆ. ಆದರೂ 'ಎಲ್ಲಿಂದ ಎಲ್ಲಿಗೆ' ಎಂಬ ಪ್ರಶ್ನೆ ಕೇಳದೆ ವೇಗದ ಅಂಕಿ ಒಪ್ಪಿಕೊಳ್ಳಬಾರದು ಎಂದು ಕಲಿಸಿದ್ದು ಅವೇ.

ಇನ್ನೊಂದು ಗುಟ್ಟು, ಹಂಚಿಕೆ. ನಿಮಗೆ ಮಾರಿದ 2 ಮೆಗಾಬಿಟ್ಟನ್ನು ನಿಮ್ಮೊಬ್ಬರಿಗೇ ಕಾದಿರಿಸಿರುವುದಿಲ್ಲ. 2009ರ ಮಾರ್ಗಸೂಚಿಯಲ್ಲಿ ಟ್ರಾಯ್ ಮನೆಗಳಿಗೆ ಈ ಹಂಚಿಕೆ 1:50 ಮೀರಬಾರದು, ವ್ಯಾಪಾರಕ್ಕೆ 1:30 ಮೀರಬಾರದು ಎಂದಿತು. ಅಂದರೆ ಒಬ್ಬನಿಗಾಗುವ ಜಾಗದಲ್ಲಿ ಐವತ್ತು ಜನರವರೆಗೆ! ಮದುವೆ ಮನೆಯಲ್ಲಿ ಎಲ್ಲರೂ ಒಂದೇ ಪಂಕ್ತಿಗೆ ಕೂರುವುದಿಲ್ಲ ಎಂಬ ಧೈರ್ಯದ ಮೇಲೆ ಎಲೆ ಹಾಕುವ ಲೆಕ್ಕ ಇದು. ಮಧ್ಯಾಹ್ನ 1ರಿಂದ 4, ಇಡೀ ಸದಾಶಿವ ಪೇಠ್ ಬಾಗಿಲು ಹಾಕಿ ಮಲಗಿರುವಾಗ ವೇಗ ಅದ್ಭುತ. ರಾತ್ರಿ 9ಕ್ಕೆ ಎಲ್ಲರೂ ಒಂದೇ ಪಂಕ್ತಿಗೆ ಬಂದು ಕೂತರೆ ಪಾಯಸ ಸಾಲುವುದಿಲ್ಲ. ಆ ಕಾಲದಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಕೆ ಲೆಕ್ಕವಿಲ್ಲ ಎಂಬ ಪ್ಲ್ಯಾನುಗಳಿದ್ದವು, ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗುತ್ತಿದ್ದವರು ನಿಮ್ಮಲ್ಲೂ ಇರಬಹುದು.

ಆಮೇಲೆ 2008ರ ಜನವರಿ 30. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಸಮುದ್ರದಡಿಯ ಎರಡು ಕೇಬಲ್ ಕಡಿದವು. ಇಲ್ಲಿ ಹಿಂಜೆವಾಡಿಯ ಕಂಪನಿಗಳಿಂದ ಕೋಥರೂಡಿನ ಮನೆಗಳವರೆಗೆ ಎಲ್ಲ ಕುಂಟತೊಡಗಿತು. ಮೋಡೆಮ್ಮಿನ ಹಸಿರು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ಮನೆಯಿಂದ ಎಕ್ಸ್‌ಚೇಂಜಿನವರೆಗಿನ ಕಥೆ ಮಾತ್ರ. ಘಾಟಿನ ತಂತಿ ಎಂದು ಗಂಟು ಹಾಕಿಸಿದ್ದೆನಲ್ಲ, ಬಿಚ್ಚಿಕೊಳ್ಳಿ.

ಅಳೆಯುವ ವಿಷಯಕ್ಕೆ ಬಂದೆ. 2006ರಲ್ಲಿ ಸ್ಪೀಡ್‌ಟೆಸ್ಟ್ ತಾಣ ಬಂದ ಮೇಲೆ ಗುಂಡಿ ಒತ್ತಿದರೆ ಸಾಕು, ಮುಳ್ಳು ಎದ್ದು ನಿಲ್ಲುತ್ತದೆ. ಅದು ಏನನ್ನು ಅಳೆಯುತ್ತದೆ ಎಂದು ತಿಳಿದಿದ್ದರೆ ಒಳ್ಳೆಯದು. ಅದು ಹತ್ತಿರದ ಸರ್ವರ್ ಹುಡುಕಿಕೊಳ್ಳುತ್ತದೆ, ಎಷ್ಟೋ ಸಲ ಆ ಸರ್ವರ್ ಇರುವುದು ನಿಮ್ಮ ಕಂಪನಿಯ ಅಂಗಳದಲ್ಲೇ. ಒಟ್ಟಿಗೆ ಹಲವು ದಾರಗಳನ್ನು ಎಳೆದು ಕೆಲವು ಸೆಕೆಂಡು ನೋಡುತ್ತದೆ. ಕಂಪನಿಯಿಂದ ಮನೆಗೆ ಎಷ್ಟು ಎಂದು ತಿಳಿಯಲು ಇದು ಸರಿಯಾದ ಅಳತೆಯೇ. ಆದರೆ ನೀವು ಅಮೆರಿಕದ ಒಂದು ತಾಣದಿಂದ ಒಂದೇ ಫೈಲು ಇಳಿಸುವಾಗ ಆಗುವುದು ಬೇರೆ. ಹಳೆಯ ಕಂಪ್ಯೂಟರುಗಳು ಒಂದು ಕಂತಿಗೆ ಹೆಚ್ಚೆಂದರೆ 64 ಕಿಲೋಬೈಟ್ ತರಿಸಿ, 'ಮುಟ್ಟಿತು' ಎಂದು ಉತ್ತರ ಕೊಟ್ಟ ಮೇಲೆ ಮುಂದಿನ ಕಂತು ತರಿಸುತ್ತಿದ್ದವು. ಹೋಗಿ ಬರಲು ಕಾಲು ಸೆಕೆಂಡಾದರೆ, ಗುಣಿಸಿ ನೋಡಿ, ಸೆಕೆಂಡಿಗೆ ಎರಡು ಮೆಗಾಬಿಟ್ ದಾಟುವುದಿಲ್ಲ, ನಿಮ್ಮ ಪ್ಲ್ಯಾನು ಎಷ್ಟೇ ಇರಲಿ. ಈಗಿನ ಯಂತ್ರಗಳು ಕಂತನ್ನು ಹಿಗ್ಗಿಸಿಕೊಳ್ಳುತ್ತವೆ. ಆದರೂ ದೂರ ಹೆಚ್ಚಿದಷ್ಟೂ ಒಂದೇ ದಾರದ ವೇಗ ಇಳಿಯುವ ಸ್ವಭಾವ ಹೋಗಿಲ್ಲ. 2009ರಲ್ಲಿ ಶುರುವಾದ ಎಂ-ಲ್ಯಾಬ್‌ನ ಪರೀಕ್ಷೆ ಕಂಪನಿಯ ಅಂಗಳದ ಹೊರಗಿನ ಸರ್ವರಿಗೆ ಒಂದೇ ದಾರ ಎಳೆದು ನೋಡುತ್ತದೆ. 2016ರಲ್ಲಿ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಬಂತು, ಅದೇ ವರ್ಷ ಟ್ರಾಯ್‌ನ 'ಮೈಸ್ಪೀಡ್' ಆ್ಯಪ್ ಬಂತು. ಒಂದೇ ಮನೆಯಲ್ಲಿ ಈ ನಾಲ್ಕೂ ನಾಲ್ಕು ಅಂಕಿ ಹೇಳಿದರೆ ಯಾವುದೂ ಸುಳ್ಳಲ್ಲ. ನಾಲ್ಕು ಬೇರೆ ದಾರಿಗಳ ಅಳತೆ ಅಷ್ಟೆ.

ಇಷ್ಟೆಲ್ಲ ಓದಿದ ಮೇಲೆ ನನ್ನ ಮನೆಯ ಮೇಲೆ ಪ್ರಯೋಗ ಮಾಡದಿರಲಾದೀತೇ? ಕಂಪನಿಯ ಹೆಸರು ಬೇಡ. ಪ್ಲ್ಯಾನು 200 ಮೆಗಾಬಿಟ್. ಖಡ್ಕಿಯ ಕರಾರನ್ನೇ ಮಾದರಿ ಮಾಡಿಕೊಂಡೆ. ಏಳು ದಿನ, ದಿನಕ್ಕೆ ಆರು ಸಲ, ಹೋಗುವ ವೇಗ, ಬರುವ ವೇಗ, ಪಿಂಗ್, ಎಲ್ಲ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ. ಮೊದಲ ದಿನ ಹಿಂದಿನ ಕೋಣೆಯಲ್ಲಿ ಫೋನಿನಿಂದ ನೋಡಿದರೆ 38. ಕೋಪ ನೆತ್ತಿಗೇರಿತು. ಆದರೆ ನಡುವೆ ಎರಡು ಗೋಡೆ, ಒಂದು ಗೋದ್ರೇಜ್ ಕಪಾಟು ಇದೆಯಲ್ಲ, ಅದಕ್ಕೆ ಕಂಪನಿ ಏನು ಮಾಡೀತು? ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ನೇರ ತಂತಿ ಸಿಕ್ಕಿಸಿದೆ. 94. ಮಧ್ಯಾಹ್ನ 94, ಬೆಳಗಿನ ಜಾವ 94, ಮರುದಿನವೂ 94.

ಅಂಕಿ ಒಂದಿಷ್ಟೂ ಅಲುಗದೆ ನಿಂತರೆ ಅನುಮಾನ ಪಡಬೇಕು. ಜನಸಂದಣಿಯ ವೇಗ ಏರಿಳಿಯುತ್ತದೆ, ಗೋಡೆಗೆ ತಾಗಿದ ವೇಗ ಏರಿಳಿಯುವುದಿಲ್ಲ. ಹಳೆಯ ಬಗೆಯ ನೆಟ್‌ವರ್ಕ್ ಕಿಂಡಿಯ ಮಿತಿ ಸೆಕೆಂಡಿಗೆ 100 ಮೆಗಾಬಿಟ್, ಚೀಟಿ ದಾರ ಕಳೆದರೆ ಸುಮಾರು 94. ನನ್ನ ರೌಟರಿನ ಕಿಂಡಿ ಹೊಸ ಬಗೆಯದೇ. ತಂತಿ ಬಿಚ್ಚಿ ನೋಡಿದರೆ ಒಳಗಿನ ಎಂಟು ಎಳೆಗಳಲ್ಲಿ ನಾಲ್ಕನ್ನು ಮಾತ್ರ ಕೊಂಡಿಗೆ ಕೂಡಿಸಿದ್ದರು. ನಾಲ್ಕೆಳೆ ಇದ್ದರೆ 100ಕ್ಕೇ ನಿಲ್ಲುತ್ತದೆ. ವರ್ಷಗಟ್ಟಲೆ 200ಕ್ಕೆ ಹಣ ಕಟ್ಟಿ, ಅರ್ಧವನ್ನು ಆರು ಅಡಿಯ ತಂತಿಯಲ್ಲಿ ಚೆಲ್ಲಿದ್ದೆ. ಆ ತಂತಿ ಕಂಪನಿಯದಲ್ಲ, ನಾನೇ ಬುಧವಾರ ಪೇಠ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು!

ತಂತಿ ಬದಲಿಸಿ ಲೆಕ್ಕವನ್ನು ಮತ್ತೆ ಒಂದನೆಯ ದಿನದಿಂದ ಶುರು ಮಾಡಿದೆ. ಬೆಳಿಗ್ಗೆ 188. ಮಧ್ಯಾಹ್ನ 190. ರಾತ್ರಿ 9ಕ್ಕೆ 63. ಏಳು ರಾತ್ರಿಯೂ 60ರಿಂದ 75ರೊಳಗೆ, ಪಿಂಗ್ ಮಾತ್ರ ಮೂರು ನಾಲ್ಕು ಪಟ್ಟು. ಇದು ನನ್ನ ತಂತಿಯದಲ್ಲ, ಇದು ಪಂಕ್ತಿಯ ತಂಟೆ. ದೂರು ಕೊಟ್ಟೆ. ಮರುದಿನ ಬೆಳಿಗ್ಗೆ 11ಕ್ಕೆ ಹುಡುಗ ಬಂದ, ಫೋನು ತೆಗೆದು ಪರೀಕ್ಷೆ ಹಚ್ಚಿದ, "ಕಾಕಾ, ಸ್ಪೀಡ್ ಫುಲ್ ಆಹೇ" ಎಂದು ನಕ್ಕು ಹೊರಟ. ಅವನ ಮಾತು ಸುಳ್ಳಲ್ಲ. ಬೆಳಿಗ್ಗೆ 11ರ ಮಟ್ಟಿಗೆ ನಿಜ. ದೂರು ಮುಗಿಯಿತೆಂದು ಸಂಜೆಯೇ ಮೆಸೇಜು ಬಂತು.

ಎರಡನೆಯ ಸಲ ನೋಟ್‌ಬುಕ್ಕಿನ ಎರಡು ಪುಟಗಳ ಫೋಟೋ ತೆಗೆದು ಕಳಿಸಿದೆ. ದಿನಾಂಕ, ಗಂಟೆ, ನೇರ ತಂತಿಯ ಮೇಲೆ ಅಳೆದದ್ದು, ಯಾವ ಸರ್ವರು, ಆಗ ಮನೆಯಲ್ಲಿ ಬೇರೆ ಯಾರೂ ಬಳಸುತ್ತಿರಲಿಲ್ಲ ಎಂಬುದು ಸಹಿತ. ಈ ಸಲ ಮೇಲಿನವರೊಬ್ಬರು ತಾವಾಗಿ ಫೋನ್ ಮಾಡಿದರು. ನಮ್ಮ ಗಲ್ಲಿಯ ಡಬ್ಬಿಯಲ್ಲಿ ಸಂಪರ್ಕಗಳು ಹೆಚ್ಚಾಗಿವೆ, ಬೇರೆ ಸಾಲಿಗೆ ಹಾಕುತ್ತೇವೆ ಎಂದರು. ಮೂರನೆಯ ವಾರ ರಾತ್ರಿಯ ಅಂಕಿ 160ರ ಆಸುಪಾಸಿಗೆ ಬಂತು. 200ರ ಶೇಕಡ 80 ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ನಿಮ್ಮಲ್ಲೂ ನೋಟ್‌ಬುಕ್ ಇದ್ದರೆ ಏಳು ದಿನ ಬರೆದು ನೋಡಿ. ನೇರ ತಂತಿಯ ಮೇಲೆ, ರಾತ್ರಿ 9ರ ಅಂಕಿ ಬಿಡದೆ, ಬಿಟ್ಟೋ ಬೈಟೋ ಎಂದು ಗುರುತು ಹಾಕಿ. ಊರಿನ ಯಾವ ಭಾಗ ಎಂದಷ್ಟೇ ಹೇಳಿ ನಮ್ಮ ಕನ್ನಡ ವಿಭಾಗಕ್ಕೆ ಕಳಿಸಿಕೊಡಿ, ಮನೆ ವಿಳಾಸ ಬೇಡ. ಹಡಪ್ಸರದ್ದೂ ನಿಗಡಿಯದ್ದೂ ಪಕ್ಕ ಪಕ್ಕ ಇಟ್ಟು ನೋಡುವ ಆಸೆ ನನಗೆ. ಖಡ್ಕಿಯಿಂದ ಒಂದಾದರೂ ಬರಲಿ.